ಜೋರ್ಡನ್ ಮೇಲೋ, ಲೆಬ್ರಾನ್ ಮೇಲೋ? ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಹೋಲಿಸುವ ಬಗೆ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಯಾರು ಎಂಬ ಚರ್ಚೆ ಇಂದು ಹೆಚ್ಚಾಗಿ ಎರಡು ಹೆಸರುಗಳ ಸುತ್ತ ನಡೆಯುತ್ತದೆ. ಮೈಕೆಲ್ ಜೋರ್ಡನ್ ಆರು ಸಲ ಫೈನಲ್ಸ್ ಆಡಿ ಆರೂ ಸಲ ಗೆದ್ದವರು. ಲೆಬ್ರಾನ್ ಜೇಮ್ಸ್ ಹತ್ತು ಸಲ ಫೈನಲ್ಸ್ ತಲುಪಿ ನಾಲ್ಕು ಸಲ ಗೆದ್ದವರು, ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಗಳಿಸಿದವರು. ಇಬ್ಬರ ಪರವಾಗಿಯೂ ಗಟ್ಟಿ ವಾದಗಳಿವೆ. ಆದರೂ ಈ ಚರ್ಚೆ ಬಹಳ ಸಲ ಎಲ್ಲಿಗೂ ಮುಟ್ಟದೆ ನಿಂತುಬಿಡುತ್ತದೆ, ಏಕೆಂದರೆ ಒಬ್ಬರು ಕಪ್ ಎಣಿಸುತ್ತಿರುವಾಗ ಇನ್ನೊಬ್ಬರು ಅಂಕ ಎಣಿಸುತ್ತಿರುತ್ತಾರೆ. ಆಟಗಾರರನ್ನು ನ್ಯಾಯವಾಗಿ ಹೋಲಿಸಲು ಒಂದು ಕ್ರಮವಿದೆ. ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು, ಆಮೇಲೆ ಅಂಕಿಗಳನ್ನು ಒಂದೇ ಅಳತೆಗೆ ತರಬೇಕು, ಕೊನೆಗೆ ಅಂಕಿಗೆ ಸಿಗದ ಆಟವನ್ನು ಕಣ್ಣಿಂದ ನೋಡಬೇಕು.

‘ಮೇಲು’ ಎಂದರೇನು?

ಈ ಒಂದು ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಪ್ರಶ್ನೆಗಳು ಅಡಗಿವೆ. ಮೊದಲನೆಯದು ಶಿಖರದ ಪ್ರಶ್ನೆ: ತನ್ನ ಅತ್ಯುತ್ತಮ ಎರಡು ಮೂರು ವರ್ಷಗಳಲ್ಲಿ ಯಾರು ಹೆಚ್ಚು ಎತ್ತರಕ್ಕೆ ಏರಿದರು? ಎರಡನೆಯದು ಬಾಳಿಕೆಯ ಪ್ರಶ್ನೆ: ಆ ಮಟ್ಟವನ್ನು ಯಾರು ಹೆಚ್ಚು ಕಾಲ ಉಳಿಸಿಕೊಂಡರು? ಮೂರನೆಯದು ಸಾಧನೆಯದು: ಕಪ್, ಪ್ರಶಸ್ತಿ, ದಾಖಲೆಗಳಲ್ಲಿ ಯಾರು ಮುಂದು? ನಾಲ್ಕನೆಯದು ತಂಡಕ್ಕೆ ತಂದ ಬೆಲೆಯದು: ಆತನಿಲ್ಲದೆ ಅದೇ ತಂಡ ಎಲ್ಲಿ ಇರುತ್ತಿತ್ತು?

ಈ ನಾಲ್ಕಕ್ಕೆ ನಾಲ್ಕು ಬೇರೆ ಉತ್ತರ ಬರಬಹುದು. ಕರೀಮ್ ಅಬ್ದುಲ್-ಜಬ್ಬಾರ್ 1,560 ಪಂದ್ಯ ಆಡಿ 38,387 ಅಂಕ ಗಳಿಸಿದರು. 1989ರಲ್ಲಿ ಅವರು ನಿವೃತ್ತರಾದ ಮೇಲೂ ಆ ದಾಖಲೆ ಮೂರು ದಶಕಕ್ಕೂ ಹೆಚ್ಚು ಕಾಲ ನಿಂತಿತು. ಬಾಳಿಕೆಯಲ್ಲಿ ಅವರನ್ನು ಮೀರಿಸಿದವರು ವಿರಳ. ಜೋರ್ಡನ್ 1,072 ಪಂದ್ಯಗಳಲ್ಲಿ 32,292 ಅಂಕ ಗಳಿಸಿದರು. ಒಟ್ಟು ಮೊತ್ತದಲ್ಲಿ ಹಿಂದಿದ್ದರೂ ಪಂದ್ಯಕ್ಕೆ 30.1ರ ಸರಾಸರಿಯಲ್ಲಿ ಅವರೇ ಮುಂದು. ಕರೀಮ್ ಅವರ ಸರಾಸರಿ 24.6. ಇವರಿಬ್ಬರಲ್ಲಿ ಯಾರು ಮೇಲು ಎಂದು ಕೇಳುವ ಮೊದಲು, ಮೊತ್ತವನ್ನು ನೋಡುತ್ತಿದ್ದೇವೋ ಎತ್ತರವನ್ನು ನೋಡುತ್ತಿದ್ದೇವೋ ಎಂದು ತೀರ್ಮಾನಿಸಿಕೊಳ್ಳಬೇಕು. ಚರ್ಚೆಗೆ ಕೂತ ಇಬ್ಬರೂ ಒಂದೇ ಪ್ರಶ್ನೆಯನ್ನು ಒಪ್ಪಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕಾಲ ಬದಲಾದರೆ ಅಂಕಿಯ ಬೆಲೆಯೂ ಬದಲು

1961-62ರ ಋತುವಿನಲ್ಲಿ ವಿಲ್ಟ್ ಚೇಂಬರ್ಲಿನ್ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿ 25.7 ರೀಬೌಂಡ್ ಹಿಡಿದರು. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿ ಊರಿನಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 100 ಅಂಕ ಹೊಡೆದರು. ಆ ಋತುವಿನಲ್ಲಿ ಅವರು ಪಂದ್ಯಕ್ಕೆ ಸರಾಸರಿ 48.5 ನಿಮಿಷ ಆಡಿದರು. ಪಂದ್ಯದ ಅವಧಿಯೇ 48 ನಿಮಿಷ. ಬಹುತೇಕ ಒಂದು ನಿಮಿಷವೂ ಬೆಂಚಿನಲ್ಲಿ ಕೂರದೆ, ಹೆಚ್ಚುವರಿ ಅವಧಿಗಳನ್ನೂ ಆಡಿದ್ದರಿಂದ ಸರಾಸರಿ ಪಂದ್ಯದ ಅವಧಿಯನ್ನೇ ದಾಟಿತು.

ಅಂಕಿಗಳನ್ನಷ್ಟೇ ನೋಡಿದರೆ ಚರ್ಚೆ ಇಲ್ಲಿಗೇ ಮುಗಿಯಬೇಕು. ಆದರೆ ಅಂದಿನ ಆಟದ ವೇಗವೇ ಬೇರೆ. ತಂಡಗಳು ಚೆಂಡು ಸಿಕ್ಕ ಕೂಡಲೇ ಓಡಿ ಶಾಟ್ ಹೊಡೆಯುತ್ತಿದ್ದವು, ಹೊಡೆದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಿಂಗಿಗೆ ಬೀಳುತ್ತಿರಲಿಲ್ಲ. ತಪ್ಪಿದ ಪ್ರತಿ ಶಾಟ್ ಒಂದು ರೀಬೌಂಡ್‌ಗೆ ಅವಕಾಶ. ಆಗ ಒಂದು ತಂಡಕ್ಕೆ ಪಂದ್ಯವೊಂದರಲ್ಲಿ 70ಕ್ಕೂ ಹೆಚ್ಚು ರೀಬೌಂಡ್ ಸಿಗುತ್ತಿದ್ದವು. ಈಚಿನ ವರ್ಷಗಳಲ್ಲಿ ಆ ಸಂಖ್ಯೆ 44ರ ಆಸುಪಾಸಿನಲ್ಲಿದೆ. ಹಾಗಾಗಿ ಅಂದಿನ 25 ರೀಬೌಂಡ್ ಇಂದಿನ ಸುಮಾರು 16ಕ್ಕೆ ಸಮ. ಅದೂ ಇಂದು ಯಾರಿಗೂ ಸುಲಭಕ್ಕೆ ಸಿಗದ ಸಂಖ್ಯೆಯೇ, ಆದರೆ ನಂಬಲಾಗದ ಸಂಖ್ಯೆಯಲ್ಲ.

ನಿಯಮಗಳೂ ಬದಲಾಗಿವೆ. 24 ಸೆಕೆಂಡಿನೊಳಗೆ ಶಾಟ್ ಹೊಡೆಯಲೇಬೇಕೆಂಬ ನಿಯಮ ಬಂದದ್ದು 1954ರಲ್ಲಿ. ಮೂರು ಅಂಕದ ಗೆರೆ ಎನ್‌ಬಿಎಗೆ ಬಂದದ್ದು 1979-80ರಲ್ಲಿ. ಎದುರಾಳಿಯ ಮೈಮೇಲೆ ಕೈಯಿಟ್ಟು ತಡೆಯುವುದರ ವಿರುದ್ಧ ನಿಯಮವನ್ನು 2004-05ರಿಂದ ಬಿಗಿಗೊಳಿಸಿದ ಮೇಲೆ ಚೆಂಡು ಹಿಡಿದು ನುಗ್ಗುವ ಗಾರ್ಡ್‌ಗಳಿಗೆ ದಾರಿ ಸಲೀಸಾಯಿತು. ಇನ್ನೊಂದು ಕಡೆ, 2001-02ರಿಂದ ಜೋನ್ ಡಿಫೆನ್ಸ್‌ಗೆ, ಅಂದರೆ ಒಬ್ಬೊಬ್ಬ ಎದುರಾಳಿಯ ಬದಲು ಕೋರ್ಟಿನ ಜಾಗವನ್ನು ಕಾಯುವ ರಕ್ಷಣೆಗೆ, ಅನುಮತಿ ಸಿಕ್ಕಿತು. ಒಬ್ಬನೇ ಆಟಗಾರನನ್ನು ಒಂದು ಬದಿಯಲ್ಲಿ ಬಿಟ್ಟು ಉಳಿದವರು ದೂರ ನಿಲ್ಲುವ ಹಳೆಯ ಉಪಾಯ ಆಮೇಲೆ ಅಷ್ಟಾಗಿ ನಡೆಯಲಿಲ್ಲ. ಒಂದು ಕಾಲ ಸುಲಭ, ಇನ್ನೊಂದು ಕಾಲ ಕಷ್ಟ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ಇದೇ ಕಾರಣಕ್ಕೆ ಆಗುವುದಿಲ್ಲ.

ಲ್ಯಾರಿ ಬರ್ಡ್ ಮತ್ತು ಸ್ಟೀಫನ್ ಕರಿ ಇದಕ್ಕೆ ಒಳ್ಳೆಯ ಉದಾಹರಣೆ. ಬರ್ಡ್ 13 ಋತುಗಳಲ್ಲಿ ಹಾಕಿದ ಮೂರು ಅಂಕದ ಶಾಟ್‌ಗಳು 649. ಕರಿ 2015-16ರ ಒಂದೇ ಋತುವಿನಲ್ಲಿ 402 ಹಾಕಿದರು. ಇಷ್ಟರಿಂದಲೇ ಬರ್ಡ್ ಗುರಿಕಾರರಲ್ಲ ಎನ್ನಲಾಗದು. 1986ರಿಂದ 1988ರವರೆಗೆ ನಡೆದ ಮೊದಲ ಮೂರೂ ತ್ರೀ ಪಾಯಿಂಟ್ ಸ್ಪರ್ಧೆಗಳನ್ನು ಗೆದ್ದವರು ಅವರೇ. ಗೆರೆ ಬಂದ ಮೊದಲ ವರ್ಷ ಒಂದು ತಂಡ ಪಂದ್ಯಕ್ಕೆ ಮೂರು ಸಲವೂ ಆಚೆಯಿಂದ ಹೊಡೆಯುತ್ತಿರಲಿಲ್ಲ, ಈಗ 35ಕ್ಕೂ ಹೆಚ್ಚು ಸಲ ಹೊಡೆಯುತ್ತದೆ. ಬರ್ಡ್ ಅವರಿಗೆ ತರಬೇತುದಾರರು ಹೇಳಿಕೊಟ್ಟ ಆಟವೇ ಬೇರೆ. ಹೆಲ್ಮೆಟ್ ಇಲ್ಲದ ಕಾಲದ ಬ್ಯಾಟ್ಸ್‌ಮನ್ನನ್ನು ಟಿ20 ಸ್ಟ್ರೈಕ್ ರೇಟ್‌ನಿಂದ ಅಳೆಯಲಾಗದು ಎಂದು ಕ್ರಿಕೆಟ್ ನೋಡುವವರಿಗೆ ಗೊತ್ತು. ಇಲ್ಲಿಯೂ ಅದೇ ನ್ಯಾಯ.

ಹಾಗಾದರೆ ಬೇರೆ ಕಾಲದವರನ್ನು ಹೋಲಿಸುವುದು ಹೇಗೆ? ಪ್ರತಿಯೊಬ್ಬರನ್ನೂ ಮೊದಲು ಅವರದೇ ಕಾಲದ ಆಟಗಾರರ ಜೊತೆ ಹೋಲಿಸಿ, ಯಾರು ತಮ್ಮ ಕಾಲದ ಸರಾಸರಿಗಿಂತ ಹೆಚ್ಚು ಮುಂದಿದ್ದರು ಎಂದು ನೋಡುವುದು ಸರಿಯಾದ ದಾರಿ.

ಪಂದ್ಯದ ಸರಾಸರಿ ಸಾಲದು

ಒಂದೇ ಕಾಲದ ಆಟಗಾರರಲ್ಲೂ ಪಂದ್ಯದ ಸರಾಸರಿ ದಾರಿ ತಪ್ಪಿಸಬಹುದು. ಒಬ್ಬ 38 ನಿಮಿಷ ಆಡಿ 24 ಅಂಕ ಗಳಿಸುತ್ತಾನೆ, ಇನ್ನೊಬ್ಬ 30 ನಿಮಿಷದಲ್ಲಿ 21 ಗಳಿಸುತ್ತಾನೆ ಎಂದುಕೊಳ್ಳೋಣ. 36 ನಿಮಿಷದ ಲೆಕ್ಕಕ್ಕೆ ತಂದರೆ ಮೊದಲನೆಯವನದು 22.7, ಎರಡನೆಯವನದು 25.2.

ಅದಕ್ಕಿಂತ ನಿಖರವಾದ ಅಳತೆ ನೂರು ಸರದಿಯದು. ಚೆಂಡು ತಂಡದ ಕೈಗೆ ಬಂದು, ಶಾಟ್ ಬಿದ್ದೋ ಕೈತಪ್ಪಿಯೋ ಎದುರಾಳಿಯ ಪಾಲಾಗುವ ತನಕ ಒಂದು ಸರದಿ. 1990ರ ದಶಕದ ಕೊನೆಗೆ ತಂಡವೊಂದಕ್ಕೆ ಪಂದ್ಯದಲ್ಲಿ ಸುಮಾರು 90 ಸರದಿ ಸಿಗುತ್ತಿದ್ದವು, ಈಗ 100ರ ಹತ್ತಿರ ಸಿಗುತ್ತವೆ. ನಿಧಾನವಾಗಿ ಆಡುತ್ತಿದ್ದ ಕಾಲದಲ್ಲಿ ಗಳಿಸಿದ 28 ಅಂಕ ಇಂದಿನ 31ಕ್ಕೆ ಸಮ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಎಷ್ಟು ಗಳಿಸಿದ, ಎಷ್ಟು ಖರ್ಚು ಮಾಡಿ ಗಳಿಸಿದ?

ಅಂಕ ಗಳಿಕೆಯಲ್ಲಿ ಮೊತ್ತದಷ್ಟೇ ಮುಖ್ಯವಾದದ್ದು ಅದಕ್ಕೆ ಬಳಸಿದ ಅವಕಾಶಗಳು. ಒಂದು ಪಂದ್ಯದ ಸ್ಕೋರ್ ಪಟ್ಟಿಯನ್ನು ಕಲ್ಪಿಸಿಕೊಂಡು ನೋಡಬಹುದು. ‘ಕ’ ಎಂಬ ಆಟಗಾರ 26 ಶಾಟ್ ಹೊಡೆದು 10 ಹಾಕಿದ, ಅದರಲ್ಲಿ ಮೂರು ಆಚೆಯ ಗೆರೆಯಿಂದ. 8 ಫ್ರೀ ಥ್ರೋಗಳಲ್ಲಿ 7 ಬಿದ್ದವು. ಒಟ್ಟು 30 ಅಂಕ. ‘ಖ’ ಎಂಬಾತ 15 ಶಾಟ್‌ಗಳಲ್ಲಿ 8 ಹಾಕಿದ, ಮೂರು ಆಚೆಯಿಂದ; 6 ಫ್ರೀ ಥ್ರೋಗಳಲ್ಲಿ 5 ಬಿದ್ದವು. ಒಟ್ಟು 24 ಅಂಕ. ಮರುದಿನದ ಸುದ್ದಿಯಲ್ಲಿ ‘ಕ’ನ ಹೆಸರೇ ದಪ್ಪಕ್ಷರದಲ್ಲಿ ಬರುತ್ತದೆ.

ಟ್ರೂ ಶೂಟಿಂಗ್ ಎಂಬ ಅಳತೆ ಈ ಚಿತ್ರವನ್ನು ತಿದ್ದುತ್ತದೆ. ಹೊಡೆದ ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ ಶಾಟ್‌ಗಳ ಸಂಖ್ಯೆಗೆ ಕೂಡಬೇಕು. ಅದು ಆತ ಬಳಸಿದ ಅವಕಾಶಗಳ ಲೆಕ್ಕ. ಅದರ ಎರಡರಷ್ಟರಿಂದ ಅಂಕಗಳನ್ನು ಭಾಗಿಸಬೇಕು. ಎರಡು ಫ್ರೀ ಥ್ರೋ ಸೇರಿ ಸಾಮಾನ್ಯವಾಗಿ ಒಂದು ಅವಕಾಶ. ಶಾಟ್ ಬಿದ್ದ ಮೇಲೆ ಸಿಗುವ ಹೆಚ್ಚುವರಿ ಫ್ರೀ ಥ್ರೋಗೆ ಬೇರೆ ಅವಕಾಶ ಖರ್ಚಾಗುವುದಿಲ್ಲ. ಹಾಗಾಗಿ 0.50ರ ಬದಲು 0.44 ಹಿಡಿಯುತ್ತಾರೆ.

ಈ ಲೆಕ್ಕದಲ್ಲಿ ‘ಕ’ ಬಳಸಿದ್ದು 29.5 ಅವಕಾಶ, ಅವನ ಟ್ರೂ ಶೂಟಿಂಗ್ ಶೇ 50.8. ‘ಖ’ ಬಳಸಿದ್ದು 17.6 ಅವಕಾಶ, ಅವನದು ಶೇ 68. ‘ಖ’ ಬಿಟ್ಟುಕೊಟ್ಟ ಸುಮಾರು 12 ಅವಕಾಶಗಳಲ್ಲಿ ಅವನ ಜೊತೆಗಾರರು ತಲಾ ಒಂದೇ ಅಂಕ ಗಳಿಸಿದರೂ ಒಟ್ಟು 36 ಆಗುತ್ತದೆ. ಅಷ್ಟೇ ಅವಕಾಶಗಳಲ್ಲಿ ‘ಕ’ ತಂದದ್ದು 30. ಆ ರಾತ್ರಿ ತಂಡಕ್ಕೆ ಹೆಚ್ಚು ಉಪಕಾರ ಮಾಡಿದವನು ‘ಖ’.

ಇಲ್ಲೊಂದು ಎಚ್ಚರ ಬೇಕು. ಗಡಿಯಾರದಲ್ಲಿ ಎರಡೇ ಸೆಕೆಂಡ್ ಉಳಿದಾಗ, ಬೇರೆ ದಾರಿ ಕಾಣದ ಜೊತೆಗಾರರು ಚೆಂಡನ್ನು ತಂಡದ ದೊಡ್ಡ ಆಟಗಾರನ ಕೈಗೇ ತುರುಕುತ್ತಾರೆ. ಆ ಕಷ್ಟದ ಶಾಟ್ ತಪ್ಪಿದಾಗ ಇಳಿಯುವುದು ಅವನ ಶೇಕಡಾವಾರು. ಪಂದ್ಯಕ್ಕೆ ಎಂಟು ಸುಲಭದ ಶಾಟ್ ಮಾತ್ರ ಹೊಡೆಯುವವನ ಶೇ 65ನ್ನೂ, ಇಡೀ ತಂಡದ ದಾಳಿ ಹೊತ್ತವನ ಶೇ 60ನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ತಂಡದ ದಾಳಿಯಲ್ಲಿ ಆತನ ಪಾಲು ಎಷ್ಟು ಎಂದು ಹೇಳುವ ಯೂಸೇಜ್ ರೇಟ್ ಅನ್ನೂ ಟ್ರೂ ಶೂಟಿಂಗ್ ಜೊತೆಗೇ ನೋಡಬೇಕು.

ಪುಸ್ತಕದಲ್ಲಿ ದಾಖಲಾಗದ ಆಟ

ಚೇಂಬರ್ಲಿನ್ 50.4 ಅಂಕದ ಸರಾಸರಿ ಮಾಡಿದ ಅದೇ ಋತುವಿನಲ್ಲಿ ಆಸ್ಕರ್ ರಾಬರ್ಟ್‌ಸನ್ ಅಂಕ, ರೀಬೌಂಡ್, ಅಸಿಸ್ಟ್ ಮೂರರಲ್ಲೂ ಎರಡಂಕಿಯ ಸರಾಸರಿ ತಂದರು: 30.8, 12.5, 11.4. ಆದರೆ ಆ ವರ್ಷದ ಎಂವಿಪಿ, ಅಂದರೆ ಅತ್ಯಮೂಲ್ಯ ಆಟಗಾರ ಪ್ರಶಸ್ತಿ, ಇಬ್ಬರಿಗೂ ಸಿಗಲಿಲ್ಲ. ಅದು ಬೋಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್ ಅವರಿಗೆ ಹೋಯಿತು. ಆಗ ಮತ ಹಾಕುತ್ತಿದ್ದವರು ಪತ್ರಕರ್ತರಲ್ಲ, ದಿನಾ ಎದುರು ನಿಂತು ಆಡುತ್ತಿದ್ದ ಆಟಗಾರರೇ. ಚೇಂಬರ್ಲಿನ್ ತಂಡ 80ರಲ್ಲಿ 49 ಪಂದ್ಯ ಗೆದ್ದರೆ ರಸೆಲ್ ತಂಡ 60 ಗೆದ್ದಿತ್ತು. ಪ್ಲೇಆಫ್‌ನಲ್ಲಿ ಎರಡೂ ತಂಡಗಳು ಎದುರಾದಾಗ ಏಳನೇ ಪಂದ್ಯದಲ್ಲಿ ಸೆಲ್ಟಿಕ್ಸ್ 109-107ರಿಂದ ಗೆದ್ದಿತು.

ರಸೆಲ್ ಅವರ ಜೀವಮಾನದ ಸರಾಸರಿ ಕೇವಲ 15.1 ಅಂಕ. ಅವರ ಬಲ ಇದ್ದದ್ದು ರಕ್ಷಣೆಯಲ್ಲಿ. ಎದುರಾಳಿಯ ಶಾಟ್ ತಡೆದಾಗ ಚೆಂಡನ್ನು ಪ್ರೇಕ್ಷಕರತ್ತ ಬಾರಿಸುವ ಬದಲು ಜೊತೆಗಾರನ ಕೈಗೆ ಸಿಗುವಂತೆ ತಟ್ಟುತ್ತಿದ್ದರು. ತಡೆದ ಮರುಗಳಿಗೆಯೇ ಆ ಕಡೆಯ ರಿಂಗಿಗೆ ಓಟ ಶುರುವಾಗುತ್ತಿತ್ತು. ಆದರೆ ಎನ್‌ಬಿಎ ಬ್ಲಾಕ್ ಮತ್ತು ಸ್ಟೀಲ್‌ಗಳನ್ನು ಎಣಿಸಲು ತೊಡಗಿದ್ದು 1973-74ರಲ್ಲಿ, ರಸೆಲ್ ನಿವೃತ್ತರಾಗಿ ನಾಲ್ಕು ವರ್ಷ ಕಳೆದ ಮೇಲೆ. 13 ಋತುಗಳಲ್ಲಿ 11 ಚಾಂಪಿಯನ್‌ಷಿಪ್ ಗೆದ್ದವರ ಮುಖ್ಯ ಕೆಲಸವೇ ದಾಖಲೆಯಲ್ಲಿಲ್ಲ. ಹಳೆಯ ಆಟಗಾರರ ಅಂಕಿಗಳನ್ನು ಓದುವಾಗ ಈ ಖಾಲಿ ಜಾಗವನ್ನು ಮರೆಯಬಾರದು.

ಈಗ ಎಣಿಕೆ ಬಹಳ ಬೆಳೆದಿದೆ, ಆದರೂ ಕೆಲವು ಸಂಗತಿ ಇಂದಿಗೂ ಸ್ಕೋರ್ ಪಟ್ಟಿಗೆ ಇಳಿಯುವುದಿಲ್ಲ. ಕರಿ ಚೆಂಡಿಲ್ಲದೆ ಗೆರೆಯ ಉದ್ದಕ್ಕೂ ಓಡುವಾಗ ಇಬ್ಬರು ಎದುರಾಳಿಗಳು ಅವರ ಹಿಂದೆ ಬೀಳುತ್ತಾರೆ. ಅಷ್ಟರಲ್ಲಿ ರಿಂಗಿನ ಕೆಳಗೆ ಕರಿಯ ಜೊತೆಗಾರ ಒಬ್ಬನೇ ನಿಂತಿರುತ್ತಾನೆ. ಅವನಿಗೆ ಪಾಸ್ ಕೊಡುವವನು ಮೂರನೆಯವನು. ಎರಡು ಅಂಕ ಒಬ್ಬನ ಹೆಸರಿಗೆ, ಅಸಿಸ್ಟ್ ಇನ್ನೊಬ್ಬನ ಹೆಸರಿಗೆ, ಅದನ್ನು ಸಾಧ್ಯ ಮಾಡಿದ ಕರಿಯ ಹೆಸರಿಗೆ ಏನೂ ಇಲ್ಲ. ಪಂದ್ಯ ನೋಡುವಾಗ ಐದು ನಿಮಿಷ ಚೆಂಡನ್ನು ಬಿಟ್ಟು ಒಬ್ಬ ಆಟಗಾರನನ್ನೇ ನೋಡಿದರೆ ಇಂಥದ್ದು ಕಾಣುತ್ತದೆ. ಆತ ಎಲ್ಲಿ ನಿಲ್ಲುತ್ತಾನೆ, ಶಾಟ್ ತಪ್ಪಿದಾಗ ಹಿಂದಕ್ಕೆ ಓಡುತ್ತಾನೋ ಇಲ್ಲವೋ, ಜೊತೆಗಾರ ಸೋತಾಗ ನೆರವಿಗೆ ಬರುತ್ತಾನೋ ಎಂಬುದನ್ನು ಗಮನಿಸಬೇಕು.

ಅಂಕಿಯಲ್ಲಿ ಇದನ್ನು ಹಿಡಿಯಲು ಪ್ಲಸ್-ಮೈನಸ್ ಎಂಬ ಅಳತೆ ಇದೆ. ಆಟಗಾರ ಕೋರ್ಟಿನಲ್ಲಿದ್ದಾಗ ತಂಡ ಗಳಿಸಿದ ಅಂಕದಿಂದ ಬಿಟ್ಟುಕೊಟ್ಟ ಅಂಕವನ್ನು ಕಳೆದರೆ ಅದು ಸಿಗುತ್ತದೆ. ಒಂದು ಪಂದ್ಯದ ಪ್ಲಸ್-ಮೈನಸ್‌ಗೆ ಬೆಲೆ ಕಡಿಮೆ, ಏಕೆಂದರೆ ಒಳ್ಳೆಯ ನಾಲ್ವರ ಜೊತೆ ಆಡಿದವನ ಅಂಕಿ ತಾನಾಗಿ ಏರುತ್ತದೆ. ಹಲವು ಋತುಗಳ ಲೆಕ್ಕದಲ್ಲಿ, ಜೊತೆಗಾರರ ಮತ್ತು ಎದುರಾಳಿಗಳ ಬಲವನ್ನೂ ಕಳೆದು ನೋಡಿದಾಗ ಮಾತ್ರ ಅದು ನಂಬಿಕೆಗೆ ಅರ್ಹ.

ಆಟಗಾರ ತಂಡ ಬಿಟ್ಟಾಗ ಏನಾಯಿತು ಎಂಬುದೂ ಒಂದು ಸುಳಿವು. ಲೆಬ್ರಾನ್ ಇದ್ದ 2009-10ರಲ್ಲಿ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ 61 ಪಂದ್ಯ ಗೆದ್ದಿತು. ಅವರು ಹೋದ ಮರುವರ್ಷ ಗೆದ್ದದ್ದು 19, ನಡುವೆ ಸತತ 26 ಸೋಲು. ಜೋರ್ಡನ್ ಇದ್ದ 1992-93ರಲ್ಲಿ ಷಿಕಾಗೊ ಬುಲ್ಸ್ 57 ಗೆದ್ದಿತು, ಅವರು ಮೊದಲ ಸಲ ನಿವೃತ್ತರಾದ ಮರುವರ್ಷ 55. ಇದರಿಂದ ಜೋರ್ಡನ್ ಬೆಲೆ ಎರಡೇ ಗೆಲುವು ಎಂದು ತೀರ್ಮಾನಿಸುವುದು ತಪ್ಪು. ಬುಲ್ಸ್‌ನಲ್ಲಿ ಸ್ಕಾಟಿ ಪಿಪ್ಪನ್ ಉಳಿದಿದ್ದರು, ತರಬೇತುದಾರ ಫಿಲ್ ಜಾಕ್ಸನ್ ಇದ್ದರು, ಟೋನಿ ಕುಕೋಚ್ ಹೊಸದಾಗಿ ಬಂದಿದ್ದರು. ಕ್ಲೀವ್‌ಲ್ಯಾಂಡ್‌ನಲ್ಲಿ ತರಬೇತುದಾರರೂ ಬದಲಾಗಿದ್ದರು. ಆದರೆ ಲೆಬ್ರಾನ್ ಎಷ್ಟು ಭಾರ ಹೊತ್ತಿದ್ದರು ಎಂಬುದಕ್ಕೆ ಆ 19 ಸಾಕ್ಷಿ.

ಕಪ್ ಎಷ್ಟು ತೂಗುತ್ತದೆ?

ಚಾಂಪಿಯನ್‌ಷಿಪ್ ತಂಡದ್ದು. ರಾಬರ್ಟ್ ಹಾರಿ ಏಳು ಸಲ ಚಾಂಪಿಯನ್ ತಂಡದಲ್ಲಿದ್ದರು, ಜೋರ್ಡನ್‌ಗಿಂತ ಒಂದು ಹೆಚ್ಚು. ಅವರು ಒಮ್ಮೆಯೂ ಆಲ್ ಸ್ಟಾರ್ ಆಗಲಿಲ್ಲ. ಚಾರ್ಲ್ಸ್ ಬಾರ್ಕ್ಲಿ, ಕಾರ್ಲ್ ಮಲೋನ್ ಇಬ್ಬರಿಗೂ ಒಂದು ಕಪ್ಪೂ ದಕ್ಕಲಿಲ್ಲ. ಹಾರಿ ಇವರಿಬ್ಬರಿಗಿಂತ ಮೇಲು ಎಂದು ಯಾರೂ ಹೇಳುವುದಿಲ್ಲ. ಹಾಗೆಂದು ಕಪ್ಪಿಗೆ ಬೆಲೆಯೇ ಇಲ್ಲವೆಂದಲ್ಲ. ತಂಡದ ಮುಖ್ಯ ಆಟಗಾರನಾಗಿ ಗೆದ್ದನೋ, ಜೊತೆಗಾರನಾಗಿ ಗೆದ್ದನೋ ಎಂಬುದನ್ನು ಕೇಳಬೇಕು.

ಫೈನಲ್ಸ್ ಸೋಲನ್ನು ಆಟಗಾರನ ವಿರುದ್ಧ ಎಣಿಸುವುದೂ ಸರಿಯಲ್ಲ. ಜೆರ್ರಿ ವೆಸ್ಟ್ ಒಂಬತ್ತು ಫೈನಲ್ಸ್ ಆಡಿ ಎಂಟು ಸೋತರು. ಆದರೂ 1969ರಲ್ಲಿ ಮೊದಲ ಬಾರಿ ಕೊಟ್ಟ ಫೈನಲ್ಸ್ ಎಂವಿಪಿ ಪ್ರಶಸ್ತಿ, ಸೋತ ತಂಡದಲ್ಲಿದ್ದ ಅವರಿಗೇ ಬಂತು. ಜೋರ್ಡನ್ ಫೈನಲ್ಸ್ ಸೋಲದಿದ್ದರೂ 1985, 1986, 1987ರಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದಿದ್ದರು. 1986ರಲ್ಲಿ ಸೆಲ್ಟಿಕ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 63 ಅಂಕ ಹೊಡೆದರೂ ತಂಡ ಗೆಲ್ಲಲಿಲ್ಲ. ಮೊದಲ ಸುತ್ತಿನಲ್ಲಿ ಸೋತವನಿಗಿಂತ ಫೈನಲ್ಸ್‌ನಲ್ಲಿ ಸೋತವನು ಕಡಿಮೆ ಎಂಬ ವಾದ ನಿಲ್ಲುವಂಥದ್ದಲ್ಲ.

ಹೋಲಿಕೆಯ ಹೆಜ್ಜೆಗಳು

1. ಶಿಖರ, ಬಾಳಿಕೆ, ಸಾಧನೆ, ತಂಡಕ್ಕೆ ತಂದ ಬೆಲೆ: ಯಾವುದನ್ನು ಹೋಲಿಸುತ್ತಿದ್ದೇವೆ ಎಂದು ಮೊದಲೇ ಹೇಳಿಕೊಳ್ಳಬೇಕು.
2. ಅಂಕಿಗಳನ್ನು 36 ನಿಮಿಷಕ್ಕೋ ನೂರು ಸರದಿಗೋ ಇಳಿಸಿಕೊಳ್ಳಬೇಕು.
3. ಟ್ರೂ ಶೂಟಿಂಗ್ ಅನ್ನು ಆ ಋತುವಿನ ಲೀಗ್ ಸರಾಸರಿಯ ಪಕ್ಕದಲ್ಲಿಟ್ಟು ನೋಡಬೇಕು.
4. ಸಾಮಾನ್ಯ ಋತು ಮತ್ತು ಪ್ಲೇಆಫ್ ಅಂಕಿಗಳನ್ನು ಬೇರೆ ಬೇರೆ ಓದಬೇಕು.
5. ರಕ್ಷಣೆಗೆ ದಾಳಿಯಷ್ಟೇ ಜಾಗ ಕೊಡಬೇಕು.
6. ಒಂದು ಒಳ್ಳೆಯ ಪಂದ್ಯ, ಒಂದು ಕೆಟ್ಟ ಪಂದ್ಯ, ಎರಡನ್ನೂ ಪೂರ್ತಿ ನೋಡಬೇಕು. ಆಯ್ದ ತುಣುಕುಗಳಲ್ಲಿ ತಪ್ಪಿದ ಶಾಟ್‌ಗಳು ಇರುವುದಿಲ್ಲ.

ಮತ್ತೆ ಜೋರ್ಡನ್, ಲೆಬ್ರಾನ್

ಈ ಹೆಜ್ಜೆಗಳಲ್ಲಿ ಇಬ್ಬರನ್ನೂ ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮೊದಲು ಗುರಿಯ ನಿಖರತೆ. ಜೋರ್ಡನ್ 1990-91ರಲ್ಲಿ ಪಂದ್ಯಕ್ಕೆ 31.5 ಅಂಕ ಗಳಿಸಿದಾಗ ಅವರ ಟ್ರೂ ಶೂಟಿಂಗ್ ಶೇ 60.5. ಲೆಬ್ರಾನ್ 2012-13ರಲ್ಲಿ 26.8 ಅಂಕ ಗಳಿಸಿದಾಗ ಶೇ 64. ಎರಡೂ ಋತುಗಳಲ್ಲಿ ಲೀಗ್ ಸರಾಸರಿ ಶೇ 53.5ರ ಹತ್ತಿರವೇ ಇದ್ದುದರಿಂದ ಈ ಹೋಲಿಕೆ ನ್ಯಾಯವಾದದ್ದು. ಲೆಬ್ರಾನ್ ಹೆಚ್ಚು ನಿಖರ, ಜೋರ್ಡನ್ ಹೆಚ್ಚು ಭಾರ ಹೊತ್ತವರು. ಅಂಕ ಗಳಿಕೆಯಲ್ಲಿ ಜೋರ್ಡನ್ ಹತ್ತು ಋತುಗಳಲ್ಲಿ ಲೀಗಿಗೇ ಮೊದಲಿಗರು, ಲೆಬ್ರಾನ್ ಒಂದರಲ್ಲಿ. ಪ್ಲೇಆಫ್‌ನಲ್ಲಿ ಜೋರ್ಡನ್ ಸರಾಸರಿ ಇಳಿಯುವ ಬದಲು 33.4ಕ್ಕೆ ಏರಿತು. ಲೆಬ್ರಾನ್‌ಗೆ 2011ರ ಫೈನಲ್ಸ್‌ನಲ್ಲಿ ಡಲ್ಲಾಸ್ ವಿರುದ್ಧ 17.8ಕ್ಕೆ ಇಳಿದ ಸರಣಿಯೊಂದಿದೆ. ಅಂಥ ಸರಣಿ ಜೋರ್ಡನ್ ಆಡಿದ ಫೈನಲ್ಸ್‌ಗಳಲ್ಲಿ ಇಲ್ಲ. ರಕ್ಷಣೆಯಲ್ಲಿ ಜೋರ್ಡನ್ 1988ರಲ್ಲಿ ಅತ್ಯುತ್ತಮ ರಕ್ಷಕ ಪ್ರಶಸ್ತಿಯನ್ನೂ ಎಂವಿಪಿಯನ್ನೂ ಒಟ್ಟಿಗೆ ಪಡೆದರು. ಅದೇ ವರ್ಷ ಅಂಕ ಗಳಿಕೆಯಲ್ಲೂ ಅವರೇ ಮೊದಲು.

ಲೆಬ್ರಾನ್ ಆಟದ ವಿಸ್ತಾರ ಕಾಣುವುದು 2016ರ ಫೈನಲ್ಸ್‌ನಲ್ಲಿ. ಋತುವಿನಲ್ಲಿ 73 ಪಂದ್ಯ ಗೆದ್ದಿದ್ದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ವಿರುದ್ಧ 1-3ರ ಹಿನ್ನಡೆಯಿಂದ ಕ್ಲೀವ್‌ಲ್ಯಾಂಡ್ ಗೆದ್ದಿತು. ಅಂಕ, ರೀಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಐದರಲ್ಲೂ ಎರಡೂ ತಂಡಗಳಿಗೆ ಲೆಬ್ರಾನ್ ಮೊದಲಿಗರು. ಏಳನೇ ಪಂದ್ಯ 89-89ರಲ್ಲಿ ನಿಂತಿತ್ತು, ಎರಡು ನಿಮಿಷವೂ ಉಳಿದಿರಲಿಲ್ಲ. ಆಂಡ್ರೆ ಇಗುಡಾಲ ಸುಲಭದ ಎರಡು ಅಂಕಕ್ಕೆ ಜಿಗಿದಾಗ, ಕೋರ್ಟಿನ ಆ ತುದಿಯಿಂದ ಓಡಿಬಂದ ಲೆಬ್ರಾನ್ ಹಿಂದಿನಿಂದ ಹಾರಿ ಚೆಂಡನ್ನು ಹಲಗೆಗೆ ಒತ್ತಿ ತಡೆದರು. ದಾಖಲೆಯಲ್ಲಿ ಅದು ಒಂದು ಬ್ಲಾಕ್ ಅಷ್ಟೇ. ಪಂದ್ಯ 93-89ಕ್ಕೆ ಮುಗಿಯಿತು.

ಜೋರ್ಡನ್ ಪಾಲಿಗೆ ಅಂಥ ಗಳಿಗೆ 1998ರ ಫೈನಲ್ಸ್‌ನ ಆರನೇ ಪಂದ್ಯ. ಯೂಟಾ ಜಾಝ್ ವಿರುದ್ಧ ಒಂದು ಅಂಕ ಹಿಂದಿದ್ದಾಗ ಕಾರ್ಲ್ ಮಲೋನ್ ಕೈಯಿಂದ ಚೆಂಡು ಕಸಿದರು, ತಾವೇ ಈ ಕಡೆಗೆ ತಂದರು, 5.2 ಸೆಕೆಂಡ್ ಉಳಿದಿರುವಾಗ ಶಾಟ್ ಹಾಕಿದರು. 87-86. ಆ ರಾತ್ರಿ ಅವರ ಅಂಕ 45.

ಬಾಳಿಕೆಯಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಜೋರ್ಡನ್ 15 ಋತು ಆಡಿದರು, ನಡುವೆ ಎರಡು ಸಲ ನಿವೃತ್ತರಾಗಿ ಮರಳಿದರು. ಲೆಬ್ರಾನ್ 2003ರಲ್ಲಿ ಹೈಸ್ಕೂಲಿನಿಂದ ನೇರವಾಗಿ ಬಂದು 2025ರ ಹೊತ್ತಿಗೆ 22 ಋತು ಪೂರೈಸಿದರು. 2023ರ ಫೆಬ್ರುವರಿ 7ರಂದು ಕರೀಮ್ ದಾಖಲೆ ದಾಟಿದರು, 2024ರ ಮಾರ್ಚ್‌ನಲ್ಲಿ 40,000 ಅಂಕ ಮುಟ್ಟಿದ ಮೊದಲ ಆಟಗಾರರಾದರು. ಲೀಗಿನ ಶ್ರೇಷ್ಠ ಹದಿನೈದು ಆಟಗಾರರನ್ನು ಆರಿಸುವ ಆಲ್ ಎನ್‌ಬಿಎ ತಂಡಗಳಲ್ಲಿ ಅವರಿಗೆ 21 ಸಲ ಜಾಗ ಸಿಕ್ಕಿದೆ. ಜೋರ್ಡನ್‌ಗೆ ಅಂಥ ಗೌರವ ಸಿಕ್ಕಿದ್ದು 11 ಸಲ.

ಆದ್ದರಿಂದ ತೀರ್ಪು ಪ್ರಶ್ನೆಯ ಜೊತೆಗೇ ಬರುತ್ತದೆ. ಒಂದೇ ಒಂದು ಋತು, ಒಂದೇ ಒಂದು ಫೈನಲ್ಸ್ ಗೆಲ್ಲಬೇಕಾದರೆ ಆಯ್ಕೆ ಮೈಕೆಲ್ ಜೋರ್ಡನ್. ಎರಡು ದಶಕ ಒಬ್ಬನೇ ಆಟಗಾರನ ಮೇಲೆ ತಂಡ ಕಟ್ಟಬೇಕಾದರೆ ಆಯ್ಕೆ ಲೆಬ್ರಾನ್ ಜೇಮ್ಸ್.